ಲ್ಯಾಪ್‌ಟಾಪ್ ಮಲಗದ ದಿನ

ಆ ಲ್ಯಾಪ್‌ಟಾಪಿಗೆ ಐದು ನಿಮಿಷಕ್ಕೊಮ್ಮೆ ನಿದ್ದೆ ಬರುತ್ತಿತ್ತು. ಯಾರಾದರೂ ಮುಟ್ಟುತ್ತಿದ್ದರೆ ಸರಿ. ಕೈ ತೆಗೆದು ಐದು ನಿಮಿಷವಾಯಿತೋ, ಊಟ ಮುಗಿಸಿ ಆರಾಮಕುರ್ಚಿಗೆ ಒರಗಿದ ಮನೆಯ ಯಜಮಾನನಂತೆ ಕಣ್ಣು ಮುಚ್ಚಿಬಿಡುತ್ತಿತ್ತು. ಟೇಪಕ್ಕನ ಆ ದಿನದ ಪಡಿಪಾಟಲಿಗೆಲ್ಲ ಈ ಐದು ನಿಮಿಷವೇ ಮೂಲ.

ಟೇಪಕ್ಕ ಎಂದರೆ ಆ ಬೀದಿಯ ಹೆಂಗಸರ ಬಟ್ಟೆ ಹೊಲಿಯುವಾಕೆ. ಅಳತೆಯ ಟೇಪು ಬೆಳಗ್ಗೆ ಕೊರಳಿಗೆ ಬಿದ್ದರೆ ಮಲಗುವಾಗಲೇ ಇಳಿಯುವುದು. ಹಾಗಾಗಿ ಅವಳ ನಿಜವಾದ ಹೆಸರು ಪೋಸ್ಟಿನವನನ್ನು ಬಿಟ್ಟು ಇನ್ನಾರಿಗೂ ನೆನಪಿರಲಿಲ್ಲ. ಹದಿನೆಂಟು ವರ್ಷಗಳಲ್ಲಿ ಅವಳು ತೆಗೆದ ಅಳತೆಗಳೆಲ್ಲ, ಕತ್ತರಿಸಿದ ಕಾಗದದ ನಮೂನೆಗಳ ಫೋಟೋಗಳೆಲ್ಲ, ಗಂಡನ ಆಫೀಸಿನವರು ಕೊಟ್ಟಿದ್ದ ಆ ಲ್ಯಾಪ್‌ಟಾಪಿನೊಳಗಿದ್ದವು. ಮೊದಲು ನೋಟ್‌ಬುಕ್ಕುಗಳಲ್ಲಿದ್ದವು. ಒಂದೊಂದು ಪುಟದ ಫೋಟೋ ತೆಗೆದು ಒಳಗೆ ಸೇರಿಸಿದ ವಾರವೇ ಅತ್ತೆ, "ಹೇಗೂ ಒಳಗೆ ಹೋಯ್ತಲ್ಲ," ಎಂದು ನೋಟ್‌ಬುಕ್ಕುಗಳನ್ನು ಹಳೇ ಪೇಪರಿನವನಿಗೆ ಹಾಕಿ ಮನೆ ಚೊಕ್ಕಟ ಮಾಡಿದ್ದರು.

ಗಂಡ ಹಿಂದಿನ ತಿಂಗಳು ನಿವೃತ್ತನಾಗಿದ್ದ. ಇವತ್ತು ಸಂಜೆ ಐದಕ್ಕೆ ಆಫೀಸಿನ ಸ್ಟೋರ್ ಗುಮಾಸ್ತ ಬಂದು ಲ್ಯಾಪ್‌ಟಾಪ್ ವಾಪಸ್ ಒಯ್ಯುವವನಿದ್ದ. ಅಷ್ಟರೊಳಗೆ ಎಲ್ಲವನ್ನೂ ಹಾರ್ಡ್‌ಡಿಸ್ಕಿಗೆ ಸಾಗಿಸಬೇಕಿತ್ತು.

ಹಾರ್ಡ್‌ಡಿಸ್ಕು ಟೇಪಕ್ಕನದೇ. ಎರಡು ವರ್ಷದ ಹಿಂದೆ ಗಂಡ ಮೇಜಿನ ಖಾನೆ ಎಳೆದು, ಸಾಬೂನಿನ ಡಬ್ಬಿಯಷ್ಟಿದ್ದ ಅದನ್ನು ಅವಳ ಅಂಗೈಯಲ್ಲಿಟ್ಟು, "ತಗೋ, ಇನ್ಮೇಲೆ ಇದು ನಿಂದೇ," ಎಂದಿದ್ದ. ಅರ್ಧ ರಾಜ್ಯ ಬರೆದುಕೊಟ್ಟವನಂತಿತ್ತು ಆಗಿನ ಅವನ ಮುಖ. ಟೇಪಕ್ಕ ಅವತ್ತೇ ಅದಕ್ಕೊಂದು ಮೆತ್ತನೆಯ ಕವಚ ಹೊಲಿದಳು. ಬಿಸಿ ಹೊರಗೆ ಹೋಗಲೆಂದು ಒಂದು ಬದಿಗೆ ಜಾಳಿಯ ಬಟ್ಟೆ ಕೊಟ್ಟಳು. ಡಿಸ್ಕಿನ ಬೆನ್ನಿಗೆ ಏನೋ ನಂಬರು ಬರೆದ ಬಿಳಿ ಚೀಟಿ ಅಂಟಿಸಿತ್ತು. ಕಾಲರಿನ ಒಳಗೆ ಸೈಜು ಬರೆದಿರುತ್ತದಲ್ಲ, ಅಂಥದ್ದೇ ಇರಬೇಕೆಂದು ಅದರ ಮೇಲೆಯೇ ಕವಚ ತೊಡಿಸಿ ಹೊಲಿದುಬಿಟ್ಟಳು.

ಹಿಂದಿನ ದಿನ ಎರಡು ಸಲ ಸಾಗಿಸಲು ಹೋಗಿ ಎರಡು ಸಲವೂ ಲ್ಯಾಪ್‌ಟಾಪ್ ನಡುವೆ ಮಲಗಿತ್ತು. ಮಲಗಿದ ಕೂಡಲೇ ಡಿಸ್ಕು ಒಳಗಿಂದ 'ಟಕ್' ಎಂದು ಸುಮ್ಮನಾಗಿತ್ತು. ಗಾಬರಿಯಿಂದ ಮೂಲೆಯ ರಿಪೇರಿ ಅಂಗಡಿಗೆ ಓಡಿದಾಗ ಅಲ್ಲಿಯ ಹುಡುಗಿ ಕಿವಿಗಿಟ್ಟು ಕೇಳಿ, ಟೇಪಕ್ಕನ ಹೊಲಿಗೆಯ ಭಾಷೆಯಲ್ಲೇ ಬುದ್ಧಿ ಹೇಳಿದ್ದಳು.

"ಅಕ್ಕಾ, ನೀವು ಜೋರಾಗಿ ಹೊಲೀತಿರುವಾಗ ಯಾರಾದ್ರೂ ಬಂದು ಚಕ್ರ ಹಿಡಿದ್ರೆ ಹೇಗಿರುತ್ತೆ? ಓಡ್ತಿರೋ ಡಿಸ್ಕಿಗೂ ಹಾಗೇ. ಲ್ಯಾಪ್‌ಟಾಪ್ ಮಲಗಿದ್ರೆ ಇದಕ್ಕೆ ಕರೆಂಟು ನಿಂತುಹೋಗುತ್ತೆ. ಎರಡು ಸಲ ಸೂಜಿ ಮುರೀದೆ ಬಚಾವಾಗಿದ್ದೀರಿ. ಮೂರನೇ ಸಲಕ್ಕೆ ನಾನು ಜವಾಬ್ದಾರಳಲ್ಲ."

"ಲ್ಯಾಪ್‌ಟಾಪಿಗೆ ನಿದ್ದೆನೇ ಬರದ ಹಾಗೆ ಮಾಡಿಕೊಡಮ್ಮ."

"ಆಫೀಸಿನವರು ಬೀಗ ಹಾಕಿಟ್ಟಿದ್ದಾರೆ, ಅವರ ಪಾಸ್‌ವರ್ಡ್ ಬೇಕು. ಆಗಾಗ ಮೌಸ್ ಅಲ್ಲಾಡಿಸ್ತಾ ಇರಿ, ಎಚ್ಚರ ಇರುತ್ತೆ. ಮುಚ್ಚಳ ಹಾಕಬೇಡಿ, ವೈರು ಎಳೀಬೇಡಿ, ಡಿಸ್ಕನ್ನ ಅಲುಗಿಸಬೇಡಿ. ಮುಗಿದ ಮೇಲೆ ತೆಗೀಲಾ ಅಂತ ಅದನ್ನೇ ಕೇಳಿ ತೆಗೀರಿ."

ಇಷ್ಟು ಮರ್ಯಾದೆಯನ್ನು ಆ ಮನೆಯಲ್ಲಿ ಟೇಪಕ್ಕನಿಗೆ ಯಾರೂ ಕೊಟ್ಟಿರಲಿಲ್ಲ. ಇರಲಿ, ಡಿಸ್ಕಿಗಾದರೂ ಸಿಗಲಿ ಎಂದುಕೊಂಡಳು.

ಬೆಳಗ್ಗೆ ಒಂಬತ್ತಕ್ಕೆ ಕೆಲಸ ಶುರುವಾಯಿತು. ಒಂದು ಕುರ್ಚಿಯ ಮೇಲೆ ಲ್ಯಾಪ್‌ಟಾಪ್, ಪಕ್ಕದ ಸ್ಟೂಲಿನಲ್ಲಿ ದಿಂಬು, ದಿಂಬಿನ ಮೇಲೆ ಬಾಣಂತಿಯ ಮಗುವಿನಂತೆ ಡಿಸ್ಕು. 'ಇನ್ನು ಏಳು ಗಂಟೆ' ಎಂದಿತು ಪರದೆ. ನಾಲ್ಕಕ್ಕೆ ಮುಗಿಯುತ್ತದೆ. ಆದರೆ ನಾಳೆಗೆ ಆಸ್ಪತ್ರೆಯ ಮೂವತ್ತು ಕರ್ಟನ್ ಹೊಲಿದು ಕೊಡಬೇಕಿತ್ತು. ಐದೈದು ನಿಮಿಷಕ್ಕೆ ಎದ್ದು ಮೌಸ್ ಅಲ್ಲಾಡಿಸಿ ಬಂದು ಕೂತರೆ ಒಂದು ಕರ್ಟನ್ನೂ ಮುಗಿಯದು. ಲ್ಯಾಪ್‌ಟಾಪಿನ ಮೈಮೇಲೆ ಬೆರಳಾಡಿಸುವ ಜಾಗ ಗಂಡನ ಕಾಫಿ ಕುಡಿದು ಎಂದೋ ಸತ್ತಿತ್ತು.

ಮೂರು ಸಲ ಎದ್ದು ಕೂತ ಮೇಲೆ ನಾಲ್ಕನೇ ಸಲ ಬೇಸರದಿಂದ ವೈರಿಲ್ಲದ ಮೌಸನ್ನು ತಂದು ಹೊಲಿಗೆ ಮಿಷನ್ನಿನ ಹಲಗೆಯ ಮೇಲೆಯೇ ಇಟ್ಟುಕೊಂಡಳು. ಪೆಡಲು ತುಳಿದಳು. ಮಿಷನ್ನು ನಡುಗಿತು, ಮೌಸು ಚಳಿ ಹಿಡಿದವರಂತೆ ಗದಗದ ಅಲುಗಿತು, ಪರದೆಯ ಬಾಣ ಕುಣಿಯಿತು. ಟೇಪಕ್ಕನ ಕಾಲು ಒಂದು ಗಳಿಗೆ ನಿಂತೇ ಹೋಯಿತು. ಆಮೇಲೆ ಒಂದು ತುಂಡು ದಾರ ಹರಿದು, ಮೌಸು ಜಾರದಂತೆ ಸಡಿಲಾಗಿ ಹಲಗೆಗೆ ಕಟ್ಟಿದಳು. ಅವಳು ತುಳಿಯುವವರೆಗೆ ಲ್ಯಾಪ್‌ಟಾಪ್ ಮಲಗುವಂತಿಲ್ಲ!

ಗಂಡ ಪೇಪರ್ ಮಡಚಿಕೊಂಡು ಬಂದು ನೋಡಿದ. "ಏನೇ ಇದು ಸರ್ಕಸ್ಸು? ಹದಿನೆಂಟು ವರ್ಷದ ಹಳೇ ಸೊಂಟಗಳನ್ನ ಇಟ್ಕೊಂಡು ಏನು ಮಾಡ್ತೀಯ? ಈಗ ಎಲ್ರೂ ಅಂಗಡೀಲಿ ರೆಡಿಮೇಡ್ ತಗೊಳ್ತಾರೆ."

"ನಿಮ್ಮ ಆಫೀಸಿನ ಮೂವತ್ತು ಡೈರಿ ಗಂಟು ಕಟ್ಟಿ ಅಟ್ಟದ ಮೇಲಿಟ್ಟಿದ್ದೀರಲ್ಲ, ಅದನ್ನ ಯಾರು ತೊಟ್ಕೊಳ್ತಾರಂತೆ?"

ಗಂಡ ಫೋನ್ ತೆಗೆದ. ಅದರಲ್ಲಿ ಚಾರ್ಜ್ ಇರಲಿಲ್ಲ. ಗೋಡೆಯ ಪ್ಲಗ್ಗಿನಿಂದ ಲ್ಯಾಪ್‌ಟಾಪಿನ ವೈರು ಕಿತ್ತು ಫೋನಿನದನ್ನು ಸಿಕ್ಕಿಸಿದ. ಮುಪ್ಪಿನ ಬ್ಯಾಟರಿ, ಪರದೆ ಆಗಲೇ ಮಂಕಾಗತೊಡಗಿತು.

"ಹಾಕ್ರೀ ಅದನ್ನ!"

ಕೈಯಲ್ಲಿ ಕತ್ತರಿ ಇತ್ತೆನ್ನುವುದು ಟೇಪಕ್ಕನಿಗೆ ಆಮೇಲೆ ತಿಳಿಯಿತು. ಗಂಡನಿಗೆ ಮೊದಲೇ ತಿಳಿದಿತ್ತು. ವೈರು ಹಾಕಿ, ಫೋನ್ ಎತ್ತಿಕೊಂಡು ಜಗಲಿಗೆ ಹೋದ.

ಮುಂದಿನ ಸರದಿ ಅತ್ತೆಯದು. ಕೋಲೂರಿಕೊಂಡು ಬಂದು ಲ್ಯಾಪ್‌ಟಾಪಿನ ಮುಖ ನೋಡಿ ಮರುಗಿದರು. "ಬೆಳಗ್ಗೆಯಿಂದ ಕಣ್ಣು ಬಿಟ್ಕೊಂಡೇ ಇದೆಯಲ್ಲೇ, ಪಾಪ. ಸ್ವಲ್ಪ ಮುಚ್ಚಳ ಹಾಕ್ಲಾ?"

"ಅತ್ತೆ! ಕೈ ಇಡಬೇಡಿ!"

ಅತ್ತೆಗೆ ಹಾಗೆ ಹೇಳಬಲ್ಲೆನೆಂದು ಟೇಪಕ್ಕನಿಗೇ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ 'ಆಗಲಿ ಅತ್ತೆ' ಎನ್ನುವುದು ಅವಳ ಉಸಿರಾಟದಂತಾಗಿತ್ತು. ಆದರೆ ಕಾಲು ತುಳಿಯುತ್ತಿದ್ದಾಗ ಬಾಯಿಗೆ ಎಲ್ಲಿಂದಲೋ ಬಲ ಬಂದಿತ್ತು.

ಅತ್ತೆ ಕೋಪಿಸಿಕೊಳ್ಳಲಿಲ್ಲ. ಕುರ್ಚಿ ಎಳೆದು ಪರದೆಯ ಎದುರು ಕೂತರು. "ಒಳಗೆ ನಂದೂ ಇದೆಯಾ?"

"ಮೊದಲ ಅಳತೆನೇ ನಿಮ್ಮದು, ಅತ್ತೆ. ನಾನು ಮಿಷನ್ ತಗೊಂಡ ದಿನ ತೆಗೆದದ್ದು."

"ಎಷ್ಟಿದ್ದೆ?"

"ಭುಜ ಹದಿನಾರೂವರೆ."

ಅತ್ತೆ ತಮ್ಮ ಈಗಿನ ಭುಜವನ್ನು, ಹ್ಯಾಂಗರಿಗೆ ತೂಗುಹಾಕಿದ ಬಟ್ಟೆಯಂತಿದ್ದ ಭುಜವನ್ನು, ಎಡಗೈಯಿಂದ ಮುಟ್ಟಿ ನೋಡಿಕೊಂಡರು. "ಹದಿನಾರೂವರೆ! ಅಷ್ಟಗಲ ಇದ್ನೇನೇ ನಾನು?" ಎಂದವರ ಮುಖದಲ್ಲಿ ಬಹಳ ದಿನದ ಮೇಲೆ ಗೆಲುವು ಕಂಡಿತು. "ನೀನು ತುಳಿ. ಇದು ಮಂಕಾದ್ರೆ ನಾನು ಕೂಗ್ತೀನಿ." ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕಾವಲು ಕೂತೇಬಿಟ್ಟರು. ಆಮೇಲೆ ನೀರು ಕೇಳಲು ಒಳಗೆ ಇಣುಕಿದ ಸ್ವಂತ ಮಗನನ್ನೂ ಕೋಲೆತ್ತಿ ಓಡಿಸಿದರು.

ಹನ್ನೊಂದರ ಹೊತ್ತಿಗೆ ಮಹಡಿಯ ಮನೆಯವಳು ಇಳಿದು ಬಂದಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೆಸರು ಕರೆಯುವ ಕೆಲಸ ಅವಳದು. ಕರೆಯುವ ಹೆಸರಿನ ಜೊತೆಗೆ ಮಿಕ್ಕ ವಿವರವನ್ನೂ ಊರಿಗೆಲ್ಲ ಒದಗಿಸುತ್ತಿದ್ದಳು. ಪಕ್ಕದ ಮನೆಯ ನಿವೃತ್ತ ಹೆಡ್‌ಮೇಡಂ ಅಂದರೆ ಅವಳಿಗೆ ಆಗದು.

"ಅಕ್ಕಾ, ಹೆಡ್‌ಮೇಡಂ ಸೊಂಟ ಈಗ ಎಷ್ಟು? ಒಂದೇ ಒಂದು ನಂಬರ್ ಹೇಳಿಬಿಡಿ, ನಾನು ಯಾರಿಗೂ ಹೇಳಲ್ಲ."

"ಕ್ಲಿನಿಕ್ಕಿಗೆ ಬಂದವರ ಬಾಯಲ್ಲಿ ಎಷ್ಟು ಹಲ್ಲು ಹುಳುಕು ಅಂತ ನೀನು ಹೇಳ್ತೀಯಾ?"

"ಹೇಳ್ತೀನಲ್ಲಕ್ಕಾ! ಮೇಡಂದು ನಾಲ್ಕು."

"ನಾನು ಹೇಳಲ್ಲ, ಹೋಗು."

ಹೋದವಳು ನೇರ ಹೆಡ್‌ಮೇಡಂ ಬಾಗಿಲು ತಟ್ಟಿ, "ಬೀದಿಯ ಎಲ್ಲರ ಅಳತೆ ಇವತ್ತು ಸಂಜೆ ಯಾವುದೋ ಆಫೀಸಿಗೆ ಹೋಗ್ತಿದೆಯಂತೆ," ಎಂದು ಬೆಂಕಿ ಹಚ್ಚಿದಳು. ಹತ್ತು ನಿಮಿಷದಲ್ಲಿ ಹೆಡ್‌ಮೇಡಂ ಉದ್ದನೆಯ ಶಾಲು ಹೊದ್ದು, ಶಾಲೆಯ ಗಂಟೆ ಹೊಡೆದ ಮೇಲೆ ಬಂದ ಮಕ್ಕಳನ್ನು ನೋಡುವ ಕಣ್ಣುಗಳೊಂದಿಗೆ ಹಾಜರಾದರು. ಮಹಡಿಯವಳೂ ಬೆನ್ನಿಗೇ ಬಂದು ಬಾಗಿಲಲ್ಲಿ ನಿಂತಳು.

"ಟೇಪಕ್ಕ, ನನ್ನ ಕಳೆದ ಮೂರು ವರ್ಷದ್ದು ತೆಗೆದುಹಾಕಿ. ಹಳೇದು ಇರಲಿ ಬೇಕಾದ್ರೆ."

"ಆಫೀಸಿಗೆ ಹೋಗೋದು ಲ್ಯಾಪ್‌ಟಾಪ್, ಮೇಡಂ. ಅಳತೆ ನನ್ನ ಹತ್ರಾನೇ ಇರುತ್ತೆ. ಒಂದೂ ತೆಗೆಯಲ್ಲ."

"ನೌಕರಿಗೆ ಸೇರಿದ ದಿನದ ಅಳತೆನೇ ನನಗೆ ಇವತ್ತಿಗೂ. ಇಡೀ ಬೀದಿಗೆ ಗೊತ್ತು."

ಇಡೀ ಬೀದಿಗೆ ಗೊತ್ತಿರುವುದು ಬೇರೆ, ಟೇಪಿಗೆ ಗೊತ್ತಿರುವುದು ಬೇರೆ. ನಿವೃತ್ತಿಯಾದ ವರ್ಷ ಹೆಡ್‌ಮೇಡಂ ಸೊಂಟ ನಾಲ್ಕು ಇಂಚು ಏರಿತ್ತು. ಅದೇ ವರ್ಷ, ಮೂವತ್ತು ವರ್ಷ ಪುಸ್ತಕದ ಚೀಲ ಹೊತ್ತು ಅರ್ಧ ಇಂಚು ಕುಸಿದಿದ್ದ ಅವರ ಎಡಭುಜ ಮೇಲೆ ಬಂದು ಸರಿಯಾಗಿತ್ತು. ಅದನ್ನು ಬರೆದುಕೊಳ್ಳುವಾಗ ಟೇಪಕ್ಕನಿಗೆ ಒಳಗೊಳಗೇ ಖುಷಿಯಾಗಿತ್ತು. ಹೀಗೇ ಎಷ್ಟೋ. ಒಬ್ಬಳು ಒಂದೇ ಬೇಸಿಗೆಯಲ್ಲಿ ಮೂರು ಇಂಚು ಇಳಿದು, 'ಡಯಟ್ಟು' ಎಂದು ನಕ್ಕಿದ್ದಳು. ಟೇಪು ಹಿಡಿದ ಬೆರಳಿಗೆ ಅವಳ ಪಕ್ಕೆ ನಡುಗಿದ್ದು ಗೊತ್ತಾಗಿತ್ತು. ಯಾರೂ ಬಾಯಿಬಿಟ್ಟು ಹೇಳದ್ದನ್ನೆಲ್ಲ ಇಂಚಿನಲ್ಲಿ ಬರೆದಿಟ್ಟುಕೊಂಡವಳು ಟೇಪಕ್ಕ ಒಬ್ಬಳೇ. ಒಂದು ಸಾಲು ಕಿತ್ತರೂ ಅದು ಹರಿದ ಹೊಲಿಗೆಯೇ.

"ಇದ್ದದ್ದು ಇದ್ದ ಹಾಗೇ ಇರುತ್ತೆ, ಮೇಡಂ."

"ನಾನು ಇಲ್ಲಿಂದ ಏಳೋದಿಲ್ಲ ಹಾಗಾದ್ರೆ!"

"ಏಳಬೇಡಿ."

ವಾದ ಬಿಸಿಯಾದಷ್ಟೂ ಟೇಪಕ್ಕನ ಕಾಲು ವೇಗವಾಯಿತು. ಕರ್ಟನ್ನು ಹೊಳೆಯಂತೆ ಸೂಜಿಯಡಿ ಹರಿಯಿತು. ಹೆಡ್‌ಮೇಡಂ ಬೆರಳು ತೋರಿಸುತ್ತ ಬಾಗಿದರು, ಶಾಲಿನ ಸೆರಗು ಹಲಗೆಯ ಮೇಲೆ ಇಳಿಯಿತು. ಇಬ್ಬರಿಗೂ ತಿಳಿಯುವುದರೊಳಗೆ ಒಂದು ಮೊಳ ಶಾಲು ಆಸ್ಪತ್ರೆಯ ಕರ್ಟನ್ನಿಗೆ ಎರಡೆಳೆಯ ಗಟ್ಟಿ ಹೊಲಿಗೆಯಲ್ಲಿ ಸೇರಿಹೋಗಿತ್ತು.

"ಅಯ್ಯೋ! ಬಿಚ್ಚಿ ಇದನ್ನ!"

"ಬಿಚ್ಚೋಕೆ ಮಿಷನ್ ನಿಲ್ಲಿಸ್ಬೇಕು ಮೇಡಂ. ನಾಲ್ಕಕ್ಕೆ ಬಿಚ್ತೀನಿ."

"ಶಾಲು ತೆಗೆದಿಟ್ಟು ಬನ್ನಿ ಮೇಡಂ," ಎಂದಳು ಬಾಗಿಲಲ್ಲಿದ್ದ ಮಹಡಿಯವಳು, ಬಹಳ ಮೆದುವಾಗಿ. ಶಾಲು ಯಾವ ನಾಲ್ಕು ಇಂಚನ್ನು ಮುಚ್ಚಿದೆಯೆಂದು ಅವಳು ಆಗಲೇ ಲೆಕ್ಕ ಹಾಕಿದ್ದಳು. ಹೆಡ್‌ಮೇಡಂ ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು ಸ್ಟೂಲು ಎಳೆದು ಕೂತರು.

ಮಧ್ಯಾಹ್ನ ಎರಡರ ಹೊತ್ತಿಗೆ ಟೇಪಕ್ಕನಿಗೆ ಬಚ್ಚಲಿಗೆ ಹೋಗಲೇಬೇಕಾಯಿತು. ನಾಲ್ಕು ನಿಮಿಷ ಪೆಡಲು ತುಳಿಯಿರೆಂದು, ಹೇಗೂ ಕರ್ಟನ್ನಿಗೆ ಹೊಲಿಸಿಕೊಂಡು ಕೂತಿದ್ದವರನ್ನು ಕೇಳಿದಳು. "ನನಗೆ ಮಂಡಿ ನೋವು," ಎಂದರು ಹೆಡ್‌ಮೇಡಂ. "ನನ್ನ ಚಪ್ಪಲಿ ಹಿಮ್ಮಡಿ ಎತ್ತರ," ಎಂದಳು ಮಹಡಿಯವಳು. ಗಂಡನನ್ನು ಕೂಗಿದರೆ ಜಗಲಿಯಿಂದ ಗೊರಕೆ ಬಂತು. ಕೊನೆಗೆ ಅತ್ತೆಯೇ ತಮ್ಮ ಕೋಲನ್ನು ಪೆಡಲಿನ ಮೇಲೆ ಊರಿ, ಕೂತಲ್ಲಿಂದಲೇ ಒನಕೆ ಕುಟ್ಟುವಂತೆ ಕುಟ್ಟಿ ನಾಲ್ಕು ನಿಮಿಷ ಲ್ಯಾಪ್‌ಟಾಪನ್ನು ಎಚ್ಚರವಿಟ್ಟರು.

ಮೂವತ್ತು ಕರ್ಟನ್ ಮೂರಕ್ಕೇ ಮುಗಿದವು. ಇನ್ನೂ ಒಂದು ಗಂಟೆ ಉಳಿದಿತ್ತು. ಟೇಪಕ್ಕ ದಿಂಬಿನ ಚೀಲ ಹೊಲಿದಳು, ಮಸಿಬಟ್ಟೆಗೆ ಅಂಚು ಕಟ್ಟಿದಳು, ಗಂಡನ ಪೈಜಾಮದ ಎರಡು ಕಾಲನ್ನೂ ಕೂಡಿಸಿಬಿಟ್ಟಳು. ದಾರ ಮುಗಿಯಿತು. ಬರೀ ಸೂಜಿಯಲ್ಲಿ ತುಳಿದಳು. ಮೀನಖಂಡ ಕಲ್ಲಾಗಿತ್ತು, ಸೊಂಟ ಬೇರೆಯವರದಾಗಿತ್ತು. ನಿಲ್ಲಿಸಲಿಲ್ಲ.

ನಾಲ್ಕಕ್ಕೆ ಎರಡು ನಿಮಿಷವಿರುವಾಗ ಅತ್ತೆ ಕೂಗಿದರು. "ಮುಗೀತಂತೆ ಕಣೇ!"

ಟೇಪಕ್ಕ ಎದ್ದು, ತೆರೆದು ನೋಡಿದಳು. ಎಲ್ಲ ಬಂದಿತ್ತು, ಅತ್ತೆಯ ಹದಿನಾರೂವರೆಯಿಂದ ಹಿಡಿದು ನಿನ್ನೆಯ ತೋಳಿನವರೆಗೆ. ಊರ ಹೆಂಗಸರ ಸೊಂಟ ಗುಮಾಸ್ತರ ಕೈಗೆ ಸಿಗಬಾರದೆಂದು ಲ್ಯಾಪ್‌ಟಾಪಿನೊಳಗಿದ್ದದ್ದನ್ನು ಪೂರ್ತಿ ಅಳಿಸಿದಳು. 'ತೆಗೆಯಲೇ?' ಎಂದು ಕೇಳಿ, 'ತೆಗೆಯಬಹುದು' ಎನ್ನಿಸಿಕೊಂಡು, ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೊತ್ತಿಕೊಂಡಳು. ಆಮೇಲೆ ಹೆಡ್‌ಮೇಡಂ ಶಾಲು ಬಿಚ್ಚಲು ಕೂತಳು. ಬಿಚ್ಚಿದ ಮೇಲೂ ಅವರು ಏಳಲಿಲ್ಲ.

ಸ್ಟೋರ್ ಗುಮಾಸ್ತ ಐದಕ್ಕೆ ಸರಿಯಾಗಿ ಬಂದ. ಕೈಯಲ್ಲಿ ಪಟ್ಟಿ, ಕಿವಿಯ ಮೇಲೆ ಪೆನ್ನು. ಗಂಡ ಕಣ್ಣುಜ್ಜುತ್ತ ಎದ್ದು ಬಂದ.

"ಲ್ಯಾಪ್‌ಟಾಪ್ ಒಂದು," ಗುಮಾಸ್ತ ಗುರುತು ಹಾಕಿದ. "ಚಾರ್ಜರ್ ಒಂದು. ಮೌಸ್... ಇದ್ಯಾಕೆ ಮಿಷನ್ನಿಗೆ ಕಟ್ಟಿದ್ದೀರಿ? ಸರಿ, ಒಂದು. ಹಾರ್ಡ್‌ಡಿಸ್ಕ್ ಒಂದು."

ಟೇಪಕ್ಕ ಡಿಸ್ಕನ್ನು ಎತ್ತಿ ಮತ್ತೆ ಎದೆಗೊತ್ತಿಕೊಂಡಳು. "ಹಾರ್ಡ್‌ಡಿಸ್ಕು ನಂದು."

"ಆಫೀಸಿನದಾದ್ರೆ ಬೆನ್ನ ಮೇಲೆ ಬಿಳಿ ಚೀಟಿ ಇರುತ್ತಮ್ಮ. ನಂಬರು ನಾಲ್ಕುನೂರ ಹದಿನೇಳು."

ಎಲ್ಲರೂ ಗಂಡನ ಕಡೆ ನೋಡಿದರು. ಗಂಡ ಚಾವಣಿಯಲ್ಲಿ ಜೇಡ ಹುಡುಕುತ್ತಿದ್ದ. ಟೇಪಕ್ಕ ಕತ್ತರಿಯ ತುದಿಯಿಂದ ಕವಚದ ಹೊಲಿಗೆ ಒಂದೊಂದಾಗಿ ಕಿತ್ತಳು. ಎರಡು ವರ್ಷದ ಹಿಂದೆ ತಾನೇ ಮುಚ್ಚಿಟ್ಟ ಚೀಟಿ ಬೆಳ್ಳಗೆ ನಗುತ್ತಿತ್ತು. ನಾಲ್ಕುನೂರ ಹದಿನೇಳು.

"ಆಫೀಸಿಂದ ತಂದದ್ದು ಮರ್ತೇಹೋಗಿತ್ತು ಕಣೇ," ಎಂದ ಗಂಡ.

"ಇದನ್ನ ಕೊಡೋದಿಲ್ಲ," ಎಂದಳು ಟೇಪಕ್ಕ.

"ಕೊಡದಿದ್ರೆ ಸಾಹೇಬ್ರ ನಿವೃತ್ತಿ ಕಾಗದ ಮುಂದೆ ಹೋಗಲ್ಲಮ್ಮ," ಎಂದ ಗುಮಾಸ್ತ, ಕೆಟ್ಟ ಮನುಷ್ಯನೇನಲ್ಲ. "ಒಳಗಿರೋದನ್ನ ಅಳಿಸಿಯೇ ತಗೊಳ್ಬೇಕು ಅಂತ ನಿಯಮ ಬೇರೆ." ಹೇಳುತ್ತಲೇ ಡಿಸ್ಕನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿ, ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಏನೋ ಒತ್ತಿದ. "ಮೊದಲು ಒಂದು ಗಂಟೆ ತಪಾಸಣೆ ಮಾಡುತ್ತೆ, ಆಮೇಲೆ ತಾನೇ ಎಲ್ಲಾ ಅಳಿಸುತ್ತೆ. ಬೆಳಗ್ಗೆ ಬಂದು ಒಯ್ತೀನಿ. ಒಂದು ಮಾತು, ನಡುವೆ ಲ್ಯಾಪ್‌ಟಾಪ್ ಮಲಗಬಾರದು. ಮಲಗಿದ್ರೆ ನಿಂತುಹೋಗುತ್ತೆ."

"ಮಲಗದ ಹಾಗೆ ಪಾಸ್‌ವರ್ಡ್ ಹಾಕಿ ಹೋಗಪ್ಪ," ಎಂದ ಗಂಡ.

"ಪಾಸ್‌ವರ್ಡ್ ಗೊತ್ತಿರೋರು ರಜೆ," ಎಂದು ಗುಮಾಸ್ತ ಹೊರಟೇಹೋದ.

ಟೇಪಕ್ಕ ಮಿಷನ್ನಿನ ಮುಂದೆ ಕೂತಳು. ಕಾಲು ಎತ್ತಿ ಸ್ಟೂಲಿನ ಅಡ್ಡಪಟ್ಟಿಯ ಮೇಲಿಟ್ಟುಕೊಂಡು ಕೈ ಕಟ್ಟಿದಳು.

"ತುಳಿಯೇ, ನನ್ನ ಕಾಗದ!" ಎಂದ ಗಂಡ.

"ತುಳಿಯಲ್ಲ."

"ನಾನು ತುಳೀತೀನಿ," ಎಂದು ಎದ್ದು ನಿಂತರು ಹೆಡ್‌ಮೇಡಂ. ಮಂಡಿ ನೋವು ಶಾಲಿನ ಜೊತೆಗೇ ಬಿಚ್ಚಿಹೋಗಿತ್ತು.

"ಅಯ್ಯೋ, ನಂದೂ ಇದೆಯಲ್ಲ ಅದರಲ್ಲಿ!" ಎಂದು ಮಹಡಿಯವಳು ಚಪ್ಪಲಿ ಕಳಚಿಟ್ಟಳು. "ಮೇಡಂ ಆದ್ಮೇಲೆ ನಾನು."

"ಇಬ್ಬರಿಗೂ ಸುಸ್ತಾದ್ರೆ ನಾನಿದ್ದೀನಿ," ಎಂದ ಗಂಡ.

ಬೆಳಗ್ಗೆಯಿಂದ ನಾಲ್ಕು ನಿಮಿಷ ತುಳಿಯಲು ಗತಿಯಿರದ ಕೋಣೆಯಲ್ಲಿ ಈಗ ಸರದಿ ಸಾಲು! ಟೇಪಕ್ಕ ಮೂವರ ಮುಖವನ್ನೂ ಒಮ್ಮೆ ನೋಡಿದಳು.

"ಇರಿ ಮೇಡಂ, ಎಣ್ಣೆ ಹಾಕಿಕೊಡ್ತೀನಿ," ಎಂದು ಬಗ್ಗಿದಳು. ಕೆಳಗಿನ ದೊಡ್ಡ ಚಕ್ರದಿಂದ ಮೇಲಿನ ಚಕ್ರಕ್ಕೆ ಸುತ್ತಿದ ಚರ್ಮದ ಬೆಲ್ಟಿಲ್ಲದೆ ಮಿಷನ್ನು ಅಲುಗಲಾರದೆಂದು ಆ ಮೂವರಿಗೆ ಗೊತ್ತಿರಲಿಲ್ಲ. ಬೆಲ್ಟನ್ನು ಸದ್ದಿಲ್ಲದೆ ಬಿಡಿಸಿ, ಟೇಪಿನ ಜೊತೆ ಕೊರಳಿಗೆ ಹಾಕಿಕೊಂಡು ಎದ್ದಳು. ಎಲ್ಲರ ಕಣ್ಣೆದುರೇ.

ಹೆಡ್‌ಮೇಡಂ ಕೂತು ತುಳಿದರು. "ಆಹಾ, ಎಷ್ಟು ಹಗುರ ಆಯ್ತು!"

"ಎಣ್ಣೆ ಹಾಕಿದೆನಲ್ಲ, ಮೇಡಂ."

ಪೆಡಲು ಬರಿದೇ ಕಿರುಗುಟ್ಟಿತು. ಮಿಷನ್ನು ಅಲುಗಲಿಲ್ಲ, ಮೌಸು ಮಿಸುಕಲಿಲ್ಲ. ಮೌಸನ್ನು ಕೈಯಿಂದ ಒಮ್ಮೆ ತಳ್ಳಿದರೂ ಸಾಕಿತ್ತು. ಆದರೆ ಇಡೀ ದಿನ ಮಿಷನ್ನಿನ ಮಹಿಮೆ ಕಂಡವರಿಗೆ ಅದು ಹೊಳೆಯಲಿಲ್ಲ. ಹೊಳೆದವಳು ಬಾಯಿ ಬಿಡಲಿಲ್ಲ.

ಪರದೆ ಕಾಣುತ್ತಿದ್ದದ್ದು ಅದರ ಎದುರಿಗೆ ಕೂತ ಅತ್ತೆಯೊಬ್ಬರಿಗೇ. ಐದು ನಿಮಿಷವಾಯಿತು. ಬೆಳಕು ಮಂಕಾಯಿತು, ಆರಿತು. ದಿಂಬಿನ ಮೇಲೆ ಡಿಸ್ಕು 'ಟಕ್' ಎಂದಿತು. ಮೂರನೇ ಸಲ. ಟೇಪಕ್ಕನ ಎದೆಯಲ್ಲೂ ಏನೋ ಟಕ್ ಎಂದಿತು. ಬದುಕಿದರೆ ಬದುಕಲಿ, ಸತ್ತರೆ ನಿದ್ದೆಯಲ್ಲೇ ಸಾಯಲಿ, ಇವರ ಕಾಲಿನಿಂದ ಅಳಿಸಿಕೊಂಡು ಮಾತ್ರ ಹೋಗಬಾರದು ಎಂದುಕೊಂಡು ಅತ್ತೆಯ ಬಾಯಿಯನ್ನೇ ನೋಡುತ್ತ ನಿಂತಳು.

ಅತ್ತೆ ಕಪ್ಪಾದ ಪರದೆ ನೋಡಿದರು. ಸೊಸೆಯ ಕೊರಳಲ್ಲಿ ಜೋತಿದ್ದ ಬೆಲ್ಟು ನೋಡಿದರು. ಒಮ್ಮೆ ಎಡಗೈಯಿಂದ ಭುಜ ಮುಟ್ಟಿಕೊಂಡರು.

"ಇನ್ನೂ ಎಷ್ಟು ಹೊತ್ತಮ್ಮ?" ಕೇಳಿದರು ಹೆಡ್‌ಮೇಡಂ, ಬೆವರೊರೆಸಿಕೊಳ್ಳುತ್ತ.

"ಕಣ್ಣು ಪಿಳಿಪಿಳಿ ಬಿಡ್ತಾ ಇದೆ," ಎಂದರು ಅತ್ತೆ, ಕೋಲಿನಿಂದ ನೆಲ ಕುಟ್ಟಿ. "ತುಳೀರಿ, ತುಳೀರಿ."